ಅರಸರ ನಾಣ್ಯ, ತಾಂಡಾದ ಸರ



ದಿಗಂಬರ ಸಂಪ್ರದಾಯದಲ್ಲಿ ಪ್ರತಿಷ್ಠೆಗೊಂಡ ಜಿನಬಿಂಬದ ಮೈಮೇಲೆ ಗುಲಗಂಜಿ ತೂಕದ ಬಂಗಾರವೂ ಇರುವುದಿಲ್ಲ. ಸಕಲಾಭರಣಗಳನ್ನು ತ್ಯಜಿಸಿದ ವೀತರಾಗನ ಸನ್ನಿಧಿಯಲ್ಲಿ ಒಡವೆಯ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಬಸದಿಗಳಲ್ಲಿ ಪದ್ಮಾವತೀ ಯಕ್ಷಿಯನ್ನು ನೋಡಿರಿ: ಕಿರೀಟ, ಕುಂಡಲ, ಕಂಠಹಾರ, ತೋಳಬಂದಿ, ಕಡಗ. ತ್ಯಾಗವನ್ನು ಪೂಜಿಸಿದ ಸಮಾಜವೇ ಅಕ್ಕಸಾಲೆಯ ಕೈಗೂ ಕೆಲಸವಿತ್ತಿತು. ದಾನಚಿಂತಾಮಣಿ ಅತ್ತಿಮಬ್ಬೆಯು 1500 ಸ್ವರ್ಣ-ರತ್ನಮಯ ಜಿನಬಿಂಬಗಳನ್ನು ಮಾಡಿಸಿದಳೆಂಬುದು ಲೋಕಪ್ರಸಿದ್ಧ. ಮೂಡಬಿದಿರೆಯ ಗುರುಬಸದಿಯ ರತ್ನಬಿಂಬಗಳ ದರ್ಶನಭಾಗ್ಯವೂ ತಮ್ಮಲ್ಲಿ ಹಲವರಿಗೆ ದೊರೆತಿರಬಹುದು.

ಯಶವಂತನಗರ ಹಾಗೂ ಸಂಡೂರಿನ ಬೆಟ್ಟಸಾಲನ್ನು ದಾಟಿದರೆ ಹೊಸಪೇಟೆ, ಅದರಾಚೆ ಹಂಪೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಅಲ್ಲಿ ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಜನರ ಬಾಯಲ್ಲಿ ಅದು ಗಾಣಗಿತ್ತಿ ಗುಡಿ. ಸುಮಾರು 1520ರಲ್ಲಿ ಆ ರಾಜಧಾನಿಗೆ ಬಂದ ಪೋರ್ಚುಗೀಸ ಪಾಯಸನು, ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಬೀದಿಯಲ್ಲಿಯೇ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವನ ನಂತರದ ನ್ಯೂನಿಜನ ಮಾತು ವರ್ತಕರಿಗೆ ಇನ್ನೂ ರುಚಿಸುವಂಥದು: ಗಣಿಯಲ್ಲಿ ದೊರೆತ ವಜ್ರ 20 ಮಂಜಾಡಿಯ ತೂಕವನ್ನು ಮೀರಿದರೆ ಅದು ಅರಸನ ಪಾಲು. ಹೀಗಾಗಿ ದೊಡ್ಡ ಕಲ್ಲು ಅರಮನೆಗೆ, ಸಣ್ಣದು ಪೇಟೆಗೆ.

ಆದರೆ ಪ್ರಜೆಯ ಕೊರಳಿಗೆ ಅರಸೊತ್ತಿಗೆ ಇಳಿದುಬಂದದ್ದು ವಜ್ರದ ಮೂಲಕವಲ್ಲ, ನಾಣ್ಯದ ಮೂಲಕ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಕೃಷ್ಣದೇವರಾಯನ ಕಾಲದ ವರಹದ ಮೇಲೆ ಬಾಲಕೃಷ್ಣ, ಅಚ್ಯುತರಾಯನ ವರಹದ ಮೇಲೆ ಗಂಡಭೇರುಂಡ. ಕಾಸಿನ ಸರವೆಂದರೆ ಇಂಥ ನಾಣ್ಯಗಳ ಸಾಲೇ. ಅಲಂಕಾರವೂ ಹೌದು, ಕಷ್ಟಕಾಲದ ಗಂಟೂ ಹೌದು. ಇದನ್ನೇ ಸಂಡೂರಿನ ಸುತ್ತಣ ತಾಂಡಾಗಳಲ್ಲಿ ಬೆಳ್ಳಿಯಲ್ಲಿ ಕಾಣುತ್ತೇವೆ. ಲಂಬಾಣಿ ತಾಯಂದಿರು ಹಳೆಯ ಬೆಳ್ಳಿ ರೂಪಾಯಿಗಳನ್ನು ಪೋಣಿಸಿ ಧರಿಸಿದರು. ಕೂದಲಿಗೆ ಘೂಗರಿ, ಕೈತುಂಬ ಬಳೆ, ಉಡುಪಿಗೆ ಕವಡೆ, ಕನ್ನಡಿ. ಅರಸನ ಮುದ್ರೆ ಅವರಿಗೆ ಒಂದು ಹೊಳಪು, ಒಂದು ಸದ್ದು. ನಡೆದರೆ ದೂರದಿಂದಲೇ ತಿಳಿಯುತ್ತಿತ್ತು!

ಆ ಕೈಗಳ ಕಸೂತಿಗೆ ಸಂಡೂರು ಕುಶಲ ಕಲಾ ಕೇಂದ್ರವು ಆಶ್ರಯವಿತ್ತಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಲಭಿಸಿತು. 2023ರಲ್ಲಿ ಹಂಪೆಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಬಟ್ಟೆಗೆ ದೊರೆತ ಈ ಆದರ ಬೆಳ್ಳಿಗೆ ದೊರೆಯಲಿಲ್ಲ.

ಇದರಲ್ಲಿ ವರ್ತಕರ ಪಾಲೂ ಉಂಟೆಂದು ಒಪ್ಪಿಕೊಳ್ಳಬೇಕು. ಹಳೆಯ ಒಡವೆ ಅಂಗಡಿಗೆ ಬಂದಾಗ ಅರಗು ತೆಗೆದು, ಕಲ್ಲು ಕಿತ್ತು, ಒರೆ ಹಚ್ಚಿ, ತೂಗಿ ಕರಗಿಸುವುದು ವಾಡಿಕೆ. ಅರ್ಧ ಗಳಿಗೆಯಲ್ಲಿ ಮೂರು ತಲೆಮಾರಿನ ವಿನ್ಯಾಸ ಗಟ್ಟಿಯಾಗಿ ಕುಳಿತಿರುತ್ತದೆ. ಆಮೇಲೆ ಅದೇ ಅಂಗಡಿಯಲ್ಲಿ ಯಂತ್ರದ ಅಚ್ಚಿನ ಗಂಡಭೇರುಂಡವನ್ನು 'ರಾಜಮನೆತನದ ಮಾದರಿ' ಎಂದು ಮಾರುತ್ತಾರೆ. ಎರಡು ತಲೆಯ ಹಕ್ಕಿಗೆ ನಾಲ್ಕು ಕಣ್ಣಿದ್ದರೂ ದೃಷ್ಟಿಯಿಲ್ಲ.

ಬಡವರು ಒಡವೆ ಮಾರಬಾರದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕರಗಿಸುವ ಮೊದಲು ಅದನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಹಿಂಬದಿಯ ಕೊಂಡಿ-ಬೆಸುಗೆಯನ್ನೂ ಬರೆದು, ತೂಕ, ಊರು, ವರ್ಷ ನಮೂದಿಸಲು ಎಷ್ಟು ಹೊತ್ತು ಬೇಕು? ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಸಮಾಜಕ್ಕೆ ಇದು ಭಾರವಲ್ಲ. ಪ್ರತಿ ಬಸದಿಯ ಶಾಸ್ತ್ರಭಂಡಾರದಲ್ಲಿಯೂ ಇಂಥದೊಂದು ಪುಸ್ತಕವಿಡಬಹುದು. ಮೊದಲ ಪುಟಕ್ಕೆ ಯಾವುದಾದರೂ ಮನೆಯ ಅಜ್ಜಿಯ ಕಾಸಿನ ಸರ ಸಾಕು. ಎರಡನೆಯದಕ್ಕೆ ತಾಂಡಾದ ರೂಪಾಯಿ ಸರವನ್ನು ಕೇಳಿ ತರಬೇಕು.