ಮೊದಲು ಓದು, ಆಮೇಲೆ ಸಹಿ

(ಬಸವನ ಬಾಗೇವಾಡಿಯಲ್ಲಿ, ಓದು ಕಲಿತ ಅಕ್ಕ ಒಬ್ಬರು ಕಲಿಯುವವರ ಮುಂದೆ ಆಡಿದ ಮಾತು)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯಿಂದ ಬಂದೀರಿ. ಹೊಲದ ಕೆಲಸ ಬಿಟ್ಟು ಬಂದೀರಿ. ಬಹಳ ಸಂತೋಷ. ನಾನು ಇಂಡಿ ಕಡೆಯವಳು. ನಮ್ಮದು ನಿಂಬಿ ತೋಟ. ಭಾಷಣ ಮಾಡಲು ನನಗೆ ಬರೂದಿಲ್ಲ. ನನ್ನ ಕಥಿ ಹೇಳತೀನಿ.

ಮೊದಲು ನನಗೆ ಅಕ್ಷರ ಗೊತ್ತಿರಲಿಲ್ಲ. ಎಲ್ಲಿ ಹೇಳಿದರೂ ಹೆಬ್ಬೆಟ್ಟು ಒತ್ತುತ್ತಿದ್ದೆ. ಮಗಳು ನನ್ನ ಹೆಸರು ಬರೆಯಲು ಕಲಿಸಿದಳು. ಅಷ್ಟಕ್ಕೇ ನಾನು ಶಾಣ್ಯಾಕಿ ಆದೆ ಅಂದುಕೊಂಡೆ.

ಒಂದು ದಿನ ನಿಂಬಿಹಣ್ಣು ಮಾರಲು ಪೇಟೆಗೆ ಹೋದೆ. ಅಂಗಡಿಯವರು ಲೆಕ್ಕದ ಪಟ್ಟಿ ಕೊಟ್ಟರು. ಸಹಿ ಮಾಡಿ ರೊಕ್ಕ ತಗೊಂಡು ಬಂದೆ. ರಾತ್ರಿ ಮಗಳು ಪಟ್ಟಿ ಓದಿದಳು. “ಅವ್ವಾ, ಹಮಾಲಿ ಎರಡು ಸಲ ಹಿಡದಾರ. 60 ರೂಪಾಯಿ ಹೆಚ್ಚಿಗೆ ಹೋಗ್ಯಾವ” ಅಂದಳು.

ಮರುದಿನ ಹೋಗಿ ಕೇಳಿದೆ. “ನೀವೇ ಸಹಿ ಮಾಡೀರಲ್ಲ?” ಅಂದರು. ನನ್ನ ಬಾಯಿ ಕಟ್ಟಿತು. ಹೆಬ್ಬೆಟ್ಟು ಒತ್ತಿದ್ದರೆ, ಓದಲು ಬರೂದಿಲ್ಲ ಅನ್ನಬಹುದಿತ್ತು. ಸಹಿ ಮಾಡಿದ ಮೇಲೆ ಏನಂತ ಹೇಳಲಿ?

ಅಂದೇ ಸಂಜಿಗೆ ಕಲಿಕಾ ಕೇಂದ್ರಕ್ಕೆ ಹೋದೆ. ಓದು ಕಲಿತೆ, ಕೂಡುವ ಕಳೆಯುವ ಲೆಕ್ಕ ಕಲಿತೆ. ಮುಂದಿನ ಸಲ ಪಟ್ಟಿ ಪೂರ್ತಿ ಓದಿದೆ. ಆಮೇಲೆ ಸಹಿ ಮಾಡಿದೆ.

ಜನಗಣತಿಯಲ್ಲೂ ಬರೀ ಸಹಿ ಬಂದರೆ ಸಾಕ್ಷರರು ಅನ್ನೂದಿಲ್ಲ. ಅರ್ಥ ತಿಳಿದು ಓದಬೇಕು, ಬರೆಯಬೇಕು. 2011ರ ಜನಗಣತಿ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ, ಏಳು ವರ್ಷ ತುಂಬಿದ 100 ಗಂಡಸರಲ್ಲಿ ಸುಮಾರು 77 ಮಂದಿ ಸಾಕ್ಷರರು. 100 ಹೆಣ್ಣುಮಕ್ಕಳಲ್ಲಿ ಸುಮಾರು 57 ಮಂದಿ ಮಾತ್ರ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲೂ ಸಾಕ್ಷರತಾ ಆಂದೋಲನ ನಡೆಯಿತು. ಆಗ ಕಲಿತವರಲ್ಲಿ ನಮ್ಮ ಓಣಿಯ ಅತ್ತಿ ಒಬ್ಬರಿದ್ದಾರೆ. ಕಲಿತ ಮೇಲೆ ಅವರು ಪುಸ್ತಕ ಮುಟ್ಟಲಿಲ್ಲ. ಅಕ್ಷರ ಮರೆತು ಹೋದವು. ಕುಡಗೋಲು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಅಕ್ಷರವೂ ಹಾಗೇ.

2022ರಲ್ಲಿ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಶುರುವಾಯಿತು. ಉಲ್ಲಾಸ್ ಅಂತ ಅದರ ಹೆಸರು. 15 ವರ್ಷ ಮೇಲ್ಪಟ್ಟ, ಓದು ಬಾರದವರಿಗಾಗಿ ಅದು ಬಂದದ್ದು. ಅದರಲ್ಲಿ ಓದು, ಬರಹ, ಲೆಕ್ಕ ಮೂರರ ಪರೀಕ್ಷೆಯೂ ಉಂಟು. ಆ ಅತ್ತಿಯೂ ಈಗ ನನ್ನ ಜೋಡಿ ಕೂತು ಮತ್ತೆ ಓದುತ್ತಾರೆ.

ಯಾವ ಕಾಗದ ಬಂದರೂ ನಾಲ್ಕು ಮಾತು ನೆನಪಿಡ್ರಿ.

ಹೆಸರು ಯಾರದು, ನೋಡ್ರಿ.
ರೊಕ್ಕ ಎಷ್ಟು, ತಾರೀಖು ಯಾವುದು, ನೋಡ್ರಿ.
ಖಾಲಿ ಕಾಗದಕ್ಕೆ ಸಹಿ ಮಾಡಬ್ಯಾಡ್ರಿ.
ತಿಳಿಯದಿದ್ದರೆ ಕೇಳ್ರಿ. ಕೇಳೂದಕ್ಕ ನಾಚಿಕಿ ಬ್ಯಾಡ.

ಸಾಲದ ಕಾಗದ ಇರಲಿ, ಹೊಲದ ಉತಾರ ಇರಲಿ, ಇದೇ ಮಾತು. ಅವಸರ ಮಾಡುವವರಿಗೆ “ತಡೀರಿ, ಓದತೀನಿ” ಅನ್ರಿ.

ಇದು ಬಸವಣ್ಣನವರು ಹುಟ್ಟಿದ ನೆಲ. 12ನೇ ಶತಮಾನದಲ್ಲೇ ಆಯ್ದಕ್ಕಿ ಲಕ್ಕಮ್ಮನಂಥ ದುಡಿಯುವ ಹೆಣ್ಣುಮಕ್ಕಳು ವಚನ ಕಟ್ಟಿದರು. ನಮ್ಮ ದುಡಿಮೆಯ ಲೆಕ್ಕ ನಾವು ಓದಬಾರದೇನು?

ಇವತ್ತು ಮನೆಗೆ ಹೋಗಿ ಪಾಸ್‌ಬುಕ್ ತೆಗೀರಿ. ಅಕ್ಷರ ಕೂಡಿಸಿ ನಿಧಾನವಾಗಿ ಓದ್ರಿ. ನಾಳೆ ಇನ್ನೊಂದು ಕಾಗದ ಓದ್ರಿ.