ಒಂದೇ ಕಿವಿಗೆ ಕೇಳುವ ಹಾಡು

ಅರವತ್ತರ ದಶಕದ ಗ್ಯಾರೇಜ್ ರಾಕ್ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಎಷ್ಟೋ ಸಲ ಗಾಯಕ ಬಲಗಿವಿಯಲ್ಲಿ ಕೂತು ಹಾಡುತ್ತಾನೆ. ಡ್ರಮ್ಮು, ಗಿಟಾರು, ಆರ್ಗನ್ನು ಎಲ್ಲವೂ ಎಡಗಿವಿಯಲ್ಲಿ ಗುಂಪುಗೂಡಿರುತ್ತವೆ. ನಡುವೆ ಬರಿಯ ಖಾಲಿ. ಇನ್ನು ಕೆಲವು ಹಾಡುಗಳು ಬಾವಿಯ ಒಳಗಿಂದ ಬಂದಂತೆ ಮಂಕಾಗಿರುತ್ತವೆ. ಇಯರ್‌ಫೋನ್ ಕೆಟ್ಟಿದೆಯೇ, ಆಗಿನ ರೆಕಾರ್ಡಿಂಗೇ ಹಾಗಿತ್ತೇ, ಅಥವಾ ಆ ಹುಡುಗರಿಗೆ ನುಡಿಸಲೇ ಬರುತ್ತಿರಲಿಲ್ಲವೇ ಎಂದು ಈ ಸಂಗೀತದ ಕಡೆಗೆ ಹೊಸದಾಗಿ ಹೊರಳಿದ ಕೇಳುಗರು ಮತ್ತೆ ಮತ್ತೆ ಕೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಈ ಮೂರೂ ಅಲ್ಲ. ದೋಷವಿರುವುದು ಕೈಗೆ ಸಿಕ್ಕ ಪ್ರತಿಯಲ್ಲಿ.

1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟೆಲಿವಿಷನ್ನಿನಲ್ಲಿ ಹಾಡಿದ್ದನ್ನು ಸುಮಾರು 7.3 ಕೋಟಿ ಜನ ನೋಡಿದರು. ಅದಾದ ಮೇಲೆ ಊರೂರಿನ ಶಾಲಾ ಹುಡುಗರು ಗಿಟಾರು ಹಿಡಿದರು. ಅಂಥ ತಂಡಗಳ ಒರಟು ಸಂಗೀತವೇ ಗ್ಯಾರೇಜ್ ರಾಕ್. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಮೊದಲೇ ಇದ್ದ ಸೋನಿಕ್ಸ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಕೌಂಟ್ ಫೈವ್, ಟೆಕ್ಸಸಿನ ಆಸ್ಟಿನ್ನಿನಲ್ಲಿ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್. ಮಿಶಿಗನ್ನಿಗೆ ದುಡಿಯಲು ಬಂದ ಮೆಕ್ಸಿಕನ್ ಮೂಲದ ಮನೆಗಳ ಹುಡುಗರು ಕಟ್ಟಿದ ಕ್ವೆಶ್ಚನ್ ಮಾರ್ಕ್ ಅಂಡ್ ದ ಮಿಸ್ಟೀರಿಯನ್ಸ್ ತಂಡದ ‘96 ಟಿಯರ್ಸ್’ 1966ರ ಅಕ್ಟೋಬರಿನಲ್ಲಿ ಇಡೀ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಅದೃಷ್ಟ ಕೆಲವರಿಗಷ್ಟೇ. ಹೆಚ್ಚಿನ ತಂಡಗಳ ಹಾಡು ತಮ್ಮ ಊರಿನ ರೇಡಿಯೊದಲ್ಲಿ ನಾಲ್ಕು ದಿನ ಮೊಳಗಿ ಮರೆಯಾಯಿತು. 1972ರಲ್ಲಿ ಲೆನ್ನಿ ಕೇ ಈ ಬಗೆಯ 27 ಹಾಡುಗಳನ್ನು ಆಯ್ದು ಎಲೆಕ್ಟ್ರಾ ಕಂಪನಿಗಾಗಿ ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿ ಮಾಡಿದ ಮೇಲೆಯೇ ಹುಡುಕಾಟ ಶುರುವಾದದ್ದು. 1998ರಲ್ಲಿ ರೈನೋ ಕಂಪನಿ ಅದನ್ನು ನಾಲ್ಕು ಸಿಡಿಗಳಿಗೆ ಬೆಳೆಸಿತು. ಹಾಡುಗಳು 118 ಆದವು.

ಈ ಹಾಡುಗಳನ್ನು ಕಟ್ಟಿದ್ದು ಮಾನೋ ಧ್ವನಿಗೆ, ಅಂದರೆ ಒಂದೇ ಸ್ಪೀಕರಿಗೆ. 45 ವೇಗದ ಸಿಂಗಲ್ ರೆಕಾರ್ಡು ಮಾನೋ, ಹಾಡು ಹಬ್ಬಿಸುತ್ತಿದ್ದ ಎಎಂ ರೇಡಿಯೊ ಮಾನೋ, ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ಸ್ಪೀಕರೂ ಒಂದೇ. ಸ್ಟುಡಿಯೊದ ಎಂಜಿನಿಯರು ತನ್ನ ಜಾಣ್ಮೆಯನ್ನೆಲ್ಲ ಸುರಿಯುತ್ತಿದ್ದದ್ದು ಮಾನೋ ಮಿಕ್ಸಿಗೆ. ಗಿಟಾರು ಎಷ್ಟು ಮುಂದೆ ಬರಬೇಕು, ಮಾತು ಎಲ್ಲಿ ಮುಳುಗಿ ಎಲ್ಲಿ ಏಳಬೇಕು, ಪ್ರತಿಧ್ವನಿ ಎಷ್ಟಿರಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಸ್ಟೀರಿಯೊ ಮಿಕ್ಸ್ ಮಾಡುತ್ತಿದ್ದದ್ದು ಆಮೇಲೆ, ಹೊತ್ತು ಉಳಿದರೆ.

ಆ ಸ್ಟೀರಿಯೊ ಹಾಗೇಕೆ ಎರಡು ಹೋಳಾಗುತ್ತದೆ? ಸಣ್ಣ ಸ್ಟುಡಿಯೊಗಳ ಟೇಪಿನಲ್ಲಿ ಇದ್ದದ್ದು ಎರಡೋ ಮೂರೋ ಟ್ರ್ಯಾಕು. ಇಡೀ ವಾದ್ಯವೃಂದ ಒಂದು ಟ್ರ್ಯಾಕಿನಲ್ಲಿ, ಹಾಡುವ ದನಿ ಇನ್ನೊಂದರಲ್ಲಿ. ಒಂದು ಟ್ರ್ಯಾಕಿನಲ್ಲಿ ಕೂಡಿಹೋದ ವಾದ್ಯಗಳನ್ನು ಆಗ ಬಿಡಿಸುವಂತಿರಲಿಲ್ಲ. ಕುದಿದ ಸಾರಿನಿಂದ ಬೇಳೆ ಬೇರೆ, ಹುಳಿ ಬೇರೆ ಮಾಡಲು ಬಾರದು. ಆದ್ದರಿಂದ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಳ್ಳಿದರೆ ಸ್ಟೀರಿಯೊ ಆಯಿತು. ಕೋಣೆಯಲ್ಲಿ ಎರಡು ಸ್ಪೀಕರಿಟ್ಟು ಕೇಳಿದರೆ ಎರಡೂ ಸದ್ದು ಎರಡೂ ಕಿವಿಗೆ ಮುಟ್ಟುವುದರಿಂದ ಅಷ್ಟು ಬಾಧೆಯಿಲ್ಲ. ಇಯರ್‌ಫೋನಿನಲ್ಲಿ ಹಾಡು ನಡುಸೀಳಿ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಹುಸಿ ಸ್ಟೀರಿಯೊ. ಆಗ ಅಮೆರಿಕದಲ್ಲಿ ಸ್ಟೀರಿಯೊ ಎಲ್‌ಪಿಗೆ ಮಾನೋಗಿಂತ ಒಂದು ಡಾಲರ್ ಹೆಚ್ಚು ಬೆಲೆ. ಇರುವುದು ಮಾನೋ ಟೇಪು, ಮಾರಬೇಕಾದದ್ದು ಸ್ಟೀರಿಯೊ ರೆಕಾರ್ಡು. ಕಂಪನಿಗಳು ಅದೇ ಟೇಪಿನ ಎರಡು ನಕಲು ತೆಗೆದು, ಒಂದರಲ್ಲಿ ತಾರದ ಸದ್ದನ್ನೂ ಇನ್ನೊಂದರಲ್ಲಿ ಮಂದ್ರದ ಸದ್ದನ್ನೂ ತಗ್ಗಿಸಿ, ಒಂದನ್ನು ಕೂದಲೆಳೆಯಷ್ಟು ತಡಮಾಡಿ, ಎಡಬಲಕ್ಕೆ ಹಂಚಿದವು. ಕ್ಯಾಪಿಟಲ್ ಕಂಪನಿ ಇದಕ್ಕೆ ‘ಡ್ಯುಯೊಫೋನಿಕ್’ ಎಂದು ಹೆಸರೇ ಇಟ್ಟಿತ್ತು. ಹಾಡಿಗೆ ಹೊಸದೇನೂ ಸೇರಲಿಲ್ಲ. ಇದ್ದ ಬಿಗಿ ಸಡಿಲವಾಯಿತು. ಬಾವಿಯೊಳಗಿನ ದನಿಗೆ ಮುಖ್ಯ ಕಾರಣಗಳಲ್ಲಿ ಇದೊಂದು. ಈ ಪ್ರತಿಗಳು ಎಲ್‌ಪಿಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಸಿಡಿಗೆ, ಈಗ ಮೊಬೈಲಿಗೆ ಇಳಿದು ಬಂದಿವೆ. ಎರಡು ಸ್ಪೀಕರು ಒಂದಕ್ಕಿಂತ ಮೇಲು, ಆದ್ದರಿಂದ ಸ್ಟೀರಿಯೊ ಮಾನೋಗಿಂತ ಮೇಲು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಈ ಹಾಡುಗಳ ಮಟ್ಟಿಗೆ ಅದು ತಪ್ಪು. ಮೊದಲು ಮಾಡಿದ್ದು ಮಾನೋ, ಮನಸ್ಸಿಟ್ಟು ಮಾಡಿದ್ದೂ ಮಾನೋ.

ಇದನ್ನು ಬರೆದವರೇ ಎಲಿವೇಟರ್ಸ್ ತಂಡದ 1966ರ ಮೊದಲ ಆಲ್ಬಮ್ಮನ್ನು ಮಂಕಾದ ಸ್ಟೀರಿಯೊ ಪ್ರತಿಯೊಂದರಲ್ಲಿ ವರ್ಷಗಟ್ಟಲೆ ಕೇಳಿ, ಆ ತಂಡದ ಬಗ್ಗೆ ಬರೆದ ಹೊಗಳಿಕೆಯೆಲ್ಲ ಅತಿಯೆಂದೇ ತಿಳಿದಿದ್ದರು. ಮಾನೋ ಪ್ರತಿ ಸಿಕ್ಕಾಗ ರಾಕಿ ಎರಿಕ್ಸನ್ನರ ಕಿರುಚು ಎದೆಗೇ ಬಂದು ತಾಗಿತು. ಟಾಮಿ ಹಾಲ್ ಹೂಜಿಯ ಬಾಯಿಗೆ ಮೈಕು ಹಿಡಿದು ಹೊರಡಿಸುತ್ತಿದ್ದ ಬುಡುಬುಡು ಸದ್ದು ಅಲ್ಲಿಯವರೆಗೆ ಅಡ್ಡಿಯೆನಿಸುತ್ತಿತ್ತು. ಅದೂ ಲಯದೊಳಗೆ ಕೂತಿತು.

ಎರಡನೆಯ ದೋಷ ಟೇಪು ಕಳೆದುಹೋದದ್ದು. ಕೆಲವು ನೂರು ತಟ್ಟೆ ಒತ್ತಿಸಿದ ಊರಿನ ಕಂಪನಿ ಮುಚ್ಚಿದಾಗ ಮೂಲ ಟೇಪು ಕಸಕ್ಕೆ ಹೋಯಿತು. ‘ಪೆಬಲ್ಸ್’, ‘ಬ್ಯಾಕ್ ಫ್ರಮ್ ದ ಗ್ರೇವ್’ ಮುಂತಾದ ಸಂಕಲನಗಳ ಎಷ್ಟೋ ಹಾಡುಗಳನ್ನು ಸವೆದ ಸಿಂಗಲ್ಲುಗಳಿಂದಲೇ ನಕಲು ಮಾಡಬೇಕಾಯಿತು. ಅಲ್ಲಿ ಚಿಟಪಟ ಸದ್ದು ಇದ್ದೇ ಇರುತ್ತದೆ, ಸಹಿಸಬಹುದು. ಸಹಿಸಬಾರದ್ದು ಅದನ್ನು ಅಳಿಸುವ ಭರದಲ್ಲಿ ಝಲ್ಲರಿಯ ಮಿನುಗನ್ನೂ ಗಾಯಕನ ಉಸಿರನ್ನೂ ತೊಳೆದುಹಾಕಿದ ಪ್ರತಿ.

ಈ ದೋಷಗಳೊಂದಿಗೆ ಕಲೆಸಬಾರದ ಇನ್ನೊಂದು ಸದ್ದಿದೆ: ಫಝ್. ಗಿಟಾರು ಹರಿದ ಬಟ್ಟೆಯಂತೆ ಕರಕರ ಎನ್ನುವುದು ದೋಷವಲ್ಲ, ಬೇಕೆಂದೇ ಮಾಡಿದ್ದು. ಧ್ವನಿಯ ಅಲೆಯನ್ನು ಸರ್ಕ್ಯೂಟು ತಡೆಯಲಾರದಷ್ಟು ಹಿಗ್ಗಿಸಿದರೆ ಅಲೆಯ ತುದಿಗಳು ಕತ್ತರಿಸಿ ಚಪ್ಪಟೆಯಾಗುತ್ತವೆ. ಮೂಲ ಸ್ವರದ ಮೇಲೆ ಹೊಸ ಅನುಸ್ವರಗಳು ಹುಟ್ಟುತ್ತವೆ. ನ್ಯಾಶ್‌ವಿಲ್ಲಿನ ಸ್ಟುಡಿಯೊವೊಂದರಲ್ಲಿ ಕೆಟ್ಟ ಉಪಕರಣದಿಂದ ಇದು ಆಕಸ್ಮಿಕವಾಗಿ ಕೇಳಿಸಿತು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನೇ ಪೆಟ್ಟಿಗೆಯಲ್ಲಿ ಹಿಡಿದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಇದೇ ಬಗೆಯ ಸದ್ದು ತೆಗೆದರು.

ಇಂಥ ವಿಚಿತ್ರ ಸದ್ದಿನ ಹಾಡುಗಳನ್ನು ಸೈಕೆಡೆಲಿಕ್ ಎನ್ನುವುದುಂಟು. ಹಾಗೆಂದೊಡನೆ ಎಲ್ಲವೂ ಅಮಲಿನಲ್ಲಿ ಹುಟ್ಟಿದ್ದೆಂಬ ಮಾತೂ ನಿಲ್ಲುವುದಿಲ್ಲ. ಎಲೆಕ್ಟ್ರಿಕ್ ಪ್ರೂನ್ಸ್ ತಂಡದ ಅತ್ಯಂತ ಪ್ರಸಿದ್ಧ ಹಾಡನ್ನು ಬರೆದವರು ಹಾಡು ಬರೆಯುವುದನ್ನೇ ಕಸುಬಾಗಿಸಿಕೊಂಡ ಇಬ್ಬರು ಹೆಂಗಸರು, ಆನೆಟ್ ಟಕರ್ ಮತ್ತು ನ್ಯಾನ್ಸಿ ಮಾಂಟ್ಸ್. ಅದರ ಆರಂಭದ ಝೇಂಕಾರ ಗಿಟಾರಿನ ಟೇಪನ್ನು ಹಿಂದುಮುಂದಾಗಿ ಓಡಿಸಿ ತೆಗೆದದ್ದು.

ಕೇಳಲು ತೊಡಗುವವರು ‘ನಗೆಟ್ಸ್’ ಸಂಕಲನದಿಂದ ತೊಡಗುವುದು ಲೇಸು. ಭಾರತದ ತಂಡಗಳ ಗ್ಯಾರೇಜ್ ಸದ್ದು ಬೇಕೆನ್ನುವವರಿಗೆ ಸಿಗರೇಟ್ ಕಂಪನಿಯ ಸ್ಪರ್ಧೆಯಿಂದ ಹೊರಬಂದ 1970, 1971ರ ‘ಸಿಮ್ಲಾ ಬೀಟ್’ ಎಲ್‌ಪಿಗಳಿವೆ. ಒಂದು ಆಲ್ಬಮ್ಮಿನ ಎರಡು ಪ್ರತಿಗಳಿದ್ದರೆ ‘ಮಾನೋ’ ಎಂದಿರುವುದನ್ನೇ ಆರಿಸಬೇಕು. ಅದು ಸಿಗದಿದ್ದರೆ ಮೊಬೈಲಿನ ಸೆಟ್ಟಿಂಗಿನಲ್ಲಿ ಮಾನೋ ಆಡಿಯೊ ಒತ್ತಿಕೊಳ್ಳಬಹುದು. ಅದು ಎಂಜಿನಿಯರ ಮಾನೋ ಮಿಕ್ಸ್ ಆಗದಿದ್ದರೂ ಗಾಯಕ ನಡುವಿಗೆ ಬರುತ್ತಾನೆ. ಹುಸಿ ಸ್ಟೀರಿಯೊ ಪ್ರತಿಗೆ ಮಾತ್ರ ಈ ಉಪಾಯ ಸಲ್ಲದು. ತಡಮಾಡಿದ ನಕಲು ಮೂಲದೊಂದಿಗೆ ಕೂಡಿದಾಗ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಹಾಡು ಕೊಳವೆಯಲ್ಲಿ ಹಾಡಿದಂತಾಗುತ್ತದೆ. ಅಂಥದ್ದಕ್ಕೆ ಬೇರೆ ಪ್ರತಿ ಹುಡುಕುವುದೊಂದೇ ದಾರಿ.