ಮದುಮಗಳನ್ನು ಕೇಳಿದವರಾರು?

(ದೀಪಾಂಜಲಿ ನಗರದ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೀಪಾಂಜಲಿ ನಗರಕ್ಕೆ ದೂರವೇನಲ್ಲದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ 2013ರಲ್ಲಿ ‘ಮಲೆಗಳಲ್ಲಿ ಮದುಮಗಳು’ ನಾಟಕ ನಡೆಯಿತು. ಕುವೆಂಪು ಅವರ 1967ರ ಕಾದಂಬರಿಗೆ ಕೆ.ವೈ. ನಾರಾಯಣಸ್ವಾಮಿ ರಂಗರೂಪ ಕೊಟ್ಟಿದ್ದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದ್ದರು. ಬೆಳಗಿನವರೆಗೆ ಕೂತು ನೋಡಿದೆವು. ಪ್ರೇಮಿಗಳು ಓಡಿಹೋದಾಗ ಚಪ್ಪಾಳೆ ತಟ್ಟಿದೆವು. ನಮ್ಮ ಮನೆಯ ಹುಡುಗಿ ಹಾಗೆ ಹೋಗಿದ್ದರೆ ತಟ್ಟುತ್ತಿದ್ದೆವೇ?

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ. ಹೂವಳ್ಳಿಯ ಚಿನ್ನಮ್ಮನ ಮನಸ್ಸು ಕೋಣೂರಿನ ಮುಕುಂದಯ್ಯನ ಮೇಲೆ. ಅಪ್ಪ ವೆಂಕಟಣ್ಣ ಅವಳನ್ನು ಕೊಡಹೊರಟದ್ದು ಸಿಂಬಾವಿಯ ಭರಮೈಹೆಗ್ಗಡೆಗೆ, ಎರಡನೆಯ ಹೆಂಡತಿಯಾಗಿ. ಮೊದಲ ಹೆಂಡತಿ ಜಟ್ಟಮ್ಮನಿಗೆ ಮಕ್ಕಳಿಲ್ಲ ಎಂಬುದೇ ನೆಪ. ಇಬ್ಬರು ಹೆಂಗಸರ ಬದುಕು ತೀರ್ಮಾನವಾಯಿತು. ಇಬ್ಬರನ್ನೂ ಯಾರೂ ಕೇಳಲಿಲ್ಲ. ಇತ್ತ ಸಿಂಬಾವಿಯ ಆಳು ಗುತ್ತಿ, ಬೆಟ್ಟಳ್ಳಿ ಗೌಡರ ಆಳುಮಗಳು ತಿಮ್ಮಿಯನ್ನು ಹಾರಿಸಿಕೊಂಡು ಹೋದರೆ ಅದು ಒಡೆಯರ ಪ್ರತಿಷ್ಠೆಯ ಜಗಳವಾಗುತ್ತದೆ. ತಿಮ್ಮಿ ಯಾರ ಸೊತ್ತು ಎಂಬುದಷ್ಟೇ ಅವರ ಪ್ರಶ್ನೆ.

ಆ ಕಾಲದ ಮಲೆನಾಡಿನ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಡುತ್ತಿದ್ದರು. ಇಂದು ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುತ್ತಾರೆ. ಹಣ ಹರಿಯುವ ದಿಕ್ಕು ಬದಲಾಯಿತು. ಹೆಣ್ಣಿನ ಒಪ್ಪಿಗೆ ಕೇಳದಿರುವುದು ಮಾತ್ರ ಬದಲಾಗಲಿಲ್ಲ.

ಚಿನ್ನಮ್ಮ ರಾತ್ರಿ ಕಾಡು ಹೊಕ್ಕಳು, ನಿಜ. ಆದರೆ ಅವಳಿಗೆ ಹುಲಿಕಲ್ ನೆತ್ತಿಯಲ್ಲಿ ಆಸರೆಯಾಗಿ ನಿಂತವಳು ಪೀಂಚಲು, ಘಟ್ಟದ ಕೆಳಗಿನಿಂದ ಬಂದ ಬಡ ಕೂಲಿ ಹೆಣ್ಣು. ಪೀಂಚಲು ಇಲ್ಲದಿದ್ದರೆ ಪ್ರೇಮವೊಂದೇ ಚಿನ್ನಮ್ಮನನ್ನು ಎಷ್ಟು ಹೊತ್ತು ಕಾಯುತ್ತಿತ್ತು?

ಒಂದು ತಪ್ಪೊಪ್ಪಿಗೆ ಹೇಳಲೇಬೇಕು. ನಾನು ಈ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಮಾಡಿದವಳು. ಚಿನ್ನಮ್ಮನ ಧೈರ್ಯವನ್ನು ಹಾಡಿ ಹೊಗಳಿದವಳು. ಒಮ್ಮೆ ಅಂತಿಮ ಬಿ.ಎ. ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ನಿಂತು, “ಮೇಡಂ, ಈ ಮದುವೆ ನನಗೆ ಬೇಡ, ಅಪ್ಪ ಸೈಟು ಮಾರಿ ಕೊಡ್ತಿದ್ದಾರೆ” ಎಂದಳು. ನಾನು, “ಹಿರಿಯರು ನೋಡಿ ಮಾಡಿರ್ತಾರಮ್ಮ, ಹೊಂದಿಕೊಂಡು ಹೋಗು” ಎಂದೆ. ಪರೀಕ್ಷೆಗೆ ಅವಳು ಬರಲಿಲ್ಲ. ಆ ಖಾಲಿ ಬೆಂಚು ನನಗೆ ಇಂದಿಗೂ ಕಾಣುತ್ತದೆ.

ಅಂದೂ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇತ್ತು, ನನಗೂ ಗೊತ್ತಿತ್ತು. ಇಂದು ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆಯೂ ಇದೆ. ಹೊಡೆತ ತಿಂದವಳಿಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಕೊಡುತ್ತದೆ. ವಯಸ್ಕರಿಬ್ಬರು ಒಪ್ಪಿದರೆ ಮದುವೆಗೆ ಮನೆತನದ, ಜಾತಿಯ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2021ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿದೆ. 181ಕ್ಕೆ ಫೋನು ಮಾಡಬಹುದು, ಸಖಿ ಕೇಂದ್ರಕ್ಕೆ ಹೋಗಬಹುದು. ಆದರೆ ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ಯಲು ಒಬ್ಬಳು ಬೇಕಲ್ಲ?

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಮ್ಮ ಬೀದಿಯ ಹುಡುಗಿ ಬಾಗಿಲು ತಟ್ಟಿದಾಗ ಬುದ್ಧಿ ಹೇಳಲು ಹೋಗಬೇಡಿ. ಮೊದಲು ಒಳಗೆ ಕರೆಯಿರಿ, ಕೂರಿಸಿ, “ನಿನಗೇನು ಬೇಕಮ್ಮ?” ಎಂದು ಕೇಳಿ. ನಾನು ಅಂದು ಕೇಳದೆ ಹೋದ ಮಾತು ಅದು.